ಜ್ವರ ಬಿಟ್ಟಿತು, ಮಾತ್ರೆ ನಿಲ್ಲಿಸಬಹುದಾ?

ಪ್ರಶ್ನೆ: ಮಗಳಿಗೆ ಎಂಟು ವರ್ಷ. ಗಂಟಲು ನೋವು, ಜ್ವರ ಅಂತ ತೋರಿಸಿದಾಗ ಡಾಕ್ಟರು ಟೆಸ್ಟ್ ಮಾಡಿಸಿ 'ಸ್ಟ್ರೆಪ್' ಅಂದರು, ಹತ್ತು ದಿನಕ್ಕೆ ಅಮಾಕ್ಸಿಸಿಲಿನ್ ಬರೆದರು. ಮೂರೇ ದಿನಕ್ಕೆ ಹುಷಾರಾಗಿದ್ದಾಳೆ. ನಮ್ಮ ಅತ್ತೆ 'ಉಷ್ಣ ಆಗುತ್ತೆ, ಸಾಕು, ಮೆಣಸಿನ ಕಷಾಯ ಕೊಡು' ಅಂತಾರೆ. ಈಗ ಚಿಕ್ಕವನ ಕಾಲಲ್ಲೂ ಕಜ್ಜಿ ಎದ್ದಿದೆ. ಸಂಬಂಧ ಇದೆಯಾ?
– ಓದುಗರು, ಮೂಡಿಗೆರೆ

ಉತ್ತರ: ಕಷಾಯ ಬೇಕಿದ್ದರೆ ಕೊಡಿ, ಆದರೆ ಮಾತ್ರೆ ನಿಲ್ಲಿಸಬೇಡಿ.

ಸ್ಟ್ರೆಪ್ಟೋಕಾಕಸ್ ಪಯೋಜೆನಿಸ್ ಅನ್ನೋ ಈ ಬ್ಯಾಕ್ಟೀರಿಯಾದ ಗಂಟಲು ನೋವು ಔಷಧಿ ಇಲ್ಲದೆಯೂ ಒಂದು ವಾರದಲ್ಲಿ ಹೆಚ್ಚಾಗಿ ತಾನೇ ಇಳಿಯುತ್ತದೆ. ಹಾಗಾದರೆ ಹತ್ತು ದಿನ ಸುಮ್ನೆ ಯಾಕೆ ಅಂತೀರಾ? ಭಯ ಇರುವುದು ಗಂಟಲಿನದ್ದಲ್ಲ, ಹೃದಯದ್ದು. ಈ ಬ್ಯಾಕ್ಟೀರಿಯಾ ವಿರುದ್ಧ ಹೋರಾಡಲು ಮೈ ತಯಾರಿಸಿದ ಪ್ರತಿಕಾಯಗಳು ಕೆಲವು ಮಕ್ಕಳಲ್ಲಿ ಎರಡು ಮೂರು ವಾರದ ನಂತರ ದಾರಿ ತಪ್ಪಿ, ತಮ್ಮದೇ ಕೀಲು, ಹೃದಯದ ಕವಾಟಗಳ ಮೇಲೆ ಬೀಳುತ್ತವೆ. ಅದೇ ರುಮ್ಯಾಟಿಕ್ ಜ್ವರ. ಹತ್ತು ದಿನ ಪೂರ್ತಿ ಮಾತ್ರೆ ಕೊಡುವುದು ಬ್ಯಾಕ್ಟೀರಿಯಾವನ್ನು ಪೂರ್ತಿ ಕೊಂದು ಇದನ್ನು ತಡೆಯಲಿಕ್ಕೆ. ಕವಾಟ ಕೆಟ್ಟರೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ಅದೂ ವರ್ಷಗಟ್ಟಲೆ. ಐದರಿಂದ ಹದಿನೈದು ವರ್ಷದ ಮಕ್ಕಳಿಗೇ ಇದು ಜಾಸ್ತಿ. ಒಂದು ಸಮಾಧಾನ ಅಂದರೆ, ಇಷ್ಟು ವರ್ಷ ಬಳಸಿದರೂ ಈ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಇನ್ನೂ ಬಗ್ಗುತ್ತದೆ; ನಿಮ್ಮ ಮಗಳ ಅಮಾಕ್ಸಿಸಿಲಿನ್ ಕೂಡ ಅದೇ ಗುಂಪಿನ ಔಷಧಿ.

ಹಾಗಂತ ಮಳೆಗಾಲದಲ್ಲಿ ಗಂಟಲು ಕೆರೆದ ಕೂಡಲೇ ಮೆಡಿಕಲ್ ಶಾಪ್‌ಗೆ ಓಡಿ ಅಜಿತ್ರೋಮೈಸಿನ್ ನುಂಗಿಸುವುದೂ ಬೇಡ. ನಮ್ಮ ಮಲೆನಾಡಿನಲ್ಲಿ ಇದೊಂದು ಚಟವಾಗಿಬಿಟ್ಟಿದೆ! ಕೆಮ್ಮು, ಮೂಗು ಸೋರುವುದು ಇದ್ದರೆ ಹೆಚ್ಚಾಗಿ ಅದು ವೈರಸ್, ಅದಕ್ಕೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ಕೆಮ್ಮಿಲ್ಲದೆ ಜ್ವರ, ಎಂಜಲು ನುಂಗಲೂ ಆಗದಷ್ಟು ನೋವು, ಟಾನ್ಸಿಲ್ ಮೇಲೆ ಬಿಳಿ ಕೀವು, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು ಇದ್ದರೆ ಸ್ಟ್ರೆಪ್ ಅನುಮಾನ ಪಡಬೇಕು.

ಇನ್ನು ಮಗನ ಕಾಲು. ಸಂಬಂಧ ಇರಬಹುದು. ಸೊಳ್ಳೆಯೋ ನೊರಜೋ ಕಚ್ಚಿದ್ದನ್ನು ಮಕ್ಕಳು ಕೆರೆದುಕೊಳ್ಳುತ್ತವೆ ಅಲ್ವಾ, ಆ ಗಾಯದೊಳಕ್ಕೆ ಇದೇ ಬ್ಯಾಕ್ಟೀರಿಯಾ ಸೇರಿದರೆ ನೀರು ಸೋರಿ ಹಳದಿ ಹಕ್ಕಳೆ ಕಟ್ಟುತ್ತದೆ. ಸ್ಟ್ಯಾಫಿಲೋಕಾಕಸ್ ಅನ್ನೋ ಇನ್ನೊಂದರಿಂದಲೂ ಹೀಗೇ ಆಗುತ್ತದೆ, ಹಾಗಾಗಿ ಅಕ್ಕನ ಮಾತ್ರೆಯನ್ನು ತಮ್ಮನಿಗೆ ಹಂಚಬೇಡಿ, ಕರೆದುಕೊಂಡು ಹೋಗಿ ತೋರಿಸಿ. ಟವೆಲ್ ಬೇರೆ ಮಾಡಿ, ಉಗುರು ಕತ್ತರಿಸಿ. ಗಾಯ ವಾಸಿಯಾದ ಮೇಲೂ ಆರು ವಾರ ಒಂದು ಕಣ್ಣಿಡಿ. ಬೆಳಿಗ್ಗೆ ಮುಖ ಊದಿದ್ದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಇದೇ ಸೋಂಕಿನಿಂದ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಬಹುದು. ಅವತ್ತೇ ಆಸ್ಪತ್ರೆಗೆ ಹೊರಡಿ, ಮರುದಿನದವರೆಗೆ ಕಾಯಬೇಡಿ.