ಗಾಯರಾಣ ಹೊಲ 30 ವರ್ಷ ಮಾಡಿದ್ರೂ ಪಟ್ಟಾ ಯಾಕ ಆಗವಲ್ದು?

ನಿಮ್ಮಪ್ಪ 30 ವರ್ಷದಿಂದ ಗಾಯರಾಣದಾಗ (ದನ ಮೇಯಾಕ ಬಿಟ್ಟ ಸರ್ಕಾರಿ ಜಮೀನ್ದಾಗ) ತೊಗರಿ ಬೆಳಿಲಾಕತ್ತಾರ ಅಂದ್ರಿ, ಅದು ಬಗರ್‌ಹುಕುಂ ಕೇಸ್ರಿ, ಅಂದ್ರ ಪರವಾನಗಿ ಇಲ್ದ ಮಾಡಿದ ಸರ್ಕಾರಿ ಜಮೀನ್ ಸಕ್ರಮ ಮಾಡಿಸ್ಕೊಳ್ಳೋದು. ಇದಕ್ಕ ಹಾಕೋ ಅರ್ಜಿದಾಗ ಫಾರಂ 50, 53 ಹಳೇವು, 2018ರಾಗ 57 ಬಂತು, ಅದಕ್ಕ 2005ರ ಮೊದ್ಲಿಂದ ಸಾಗುವಳಿ ಇರ್ಬೇಕು, ಆಗ ಅರ್ಜಿದಾರಗ 18 ತುಂಬಿರ್ಬೇಕು. ನೀವ್ ಆಗ ಸಾಲಿಗಿ ಹೋಗೋ ಹುಡುಗ ಇದ್ರ ನಿಮ್ಮ ಹೆಸರಿಲೆ ನಡೆಯಂಗಿಲ್ಲ. ಈಗ ಸ್ಯಾಟಲೈಟ್ ಫೋಟೋ ಬ್ಯಾರೆ ನೋಡ್ತಾರ, ಊರ ಮಂದಿ ನಾಕ್ ಜನ ಹೌದಂದ್ರ ಸಾಲಂಗಿಲ್ಲ.

ದೊಡ್ಡ ತೊಡಕು ಗಾಯರಾಣದ್ದೇ. 100 ದನಕ್ಕ 30 ಎಕರೆ ಮೇಯಾಕ ಬಿಡ್ಬೇಕಂತ ರೂಲ್ ಅದ, ಅದ್ಕಿಂತ ಹೆಚ್ಚಿಗಿ ಜಮೀನ್ ಇದ್ರಷ್ಟೇ ಕೊಡಾಕ ಬರ್ತದ, ನಮ್ ಕಾಕಾಂದು ಇದ್ರಾಗೇ ರಿಜೆಕ್ಟ್ ಆತು (ಊರಾಗ ದನ ಯಾರ್ ಎಣಿಸಿದ್ರೋ ಏನೋ, ನಾವಂತೂ ನೋಡಿಲ್ಲ). ಕಲಬುರಗಿ ಸಿಟಿಗಿ ಹತ್ತಿದ್ದು ಇಲ್ಲಾ ಫಾರೆಸ್ಟ್ ಅಂತ ದಾಖಲಾಗಿದ್ರ ಇನ್ನೂ ಕಷ್ಟ.

ಇದೆಲ್ಲಾ ದಾಟಿದ್ರೂ ಬಗರ್‌ಹುಕುಂ ಕಮಿಟಿ ಮುಂದ ಹೋಗ್ಬೇಕು, ಅದಕ್ಕ ಎಮ್ಮೆಲ್ಲೆ ಅಧ್ಯಕ್ಷರು, ಮೀಟಿಂಗೇ ಕರಿಲಿಲ್ಲಂದ್ರ ಫೈಲ್ ಅಲ್ಲೇ ಕೂಡ್ತದ. ಮೊದ್ಲ ಪಹಣಿ ತೆಗೆಸ್ರಿ, ಆ ಸರ್ವೆ ನಂಬರಿಗಿ ಗಾಯರಾಣ ಅಂತದೋ, ಫಾರೆಸ್ಟ್ ಅಂತದೋ ನೋಡಿ, ಆಮ್ಯಾಲ ತಹಸೀಲಿಗಿ ಓಡಾಡ್ರಿ.