ಲಾರಿ ಹೊಗೆಯ ಬಿಸಿಯಿಂದ ಶಕ್ತಿ ತೆಗೆಯುವ ಸಿಸ್ಟಮ್‌ಗೆ ಗೇರ್ ಪಂಪ್ ಒಳ್ಳೆಯದಾ, ಪಿಸ್ಟನ್ ಪಂಪಾ?

ಗೇರಾ ಪಿಸ್ಟನ್ನಾ ಅಂತ ನಾನೂ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ, ಪಂಪಿನ ಬಾಯಿಗೆ ಬರುವ ದ್ರವ ಅಲ್ಲೇ ಕುದಿಯದೆ ಇರುತ್ತದಾ ಅನ್ನುವುದು.

ಪೀಣ್ಯದಲ್ಲಿ ಒಂದು ಸಣ್ಣ ಪಂಪ್ ಕಂಪನಿಯಲ್ಲಿದ್ದೆ. ಕೆಲಸ ನಿಮ್ಮದೇ. ಡೀಸೆಲ್ಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಸೈಲೆನ್ಸರ್‌ನಲ್ಲಿ ಸುಮ್ನೆ ಹೋಗುತ್ತದೆ, ಅಲ್ವಾ? ಆ ಬಿಸಿಯಲ್ಲಿ ಎಥನಾಲ್ ಕುದಿಸಿ, ಆವಿಯಿಂದ ಟರ್ಬೈನ್ ತಿರುಗಿಸಿ, ಕಂಡೆನ್ಸರ್‌ನಲ್ಲಿ ತಣಿಸಿ, ಮತ್ತೆ 30 ಬಾರ್‌ಗೆ ಒತ್ತಿ ಕಳಿಸಬೇಕು. ಎಥನಾಲ್‌ಗೆ ಎಣ್ಣೆಯ ಜಿಡ್ಡಿಲ್ಲ, ಗೇರಿನ ಸಂದಿನಲ್ಲೇ ಹಿಂದಕ್ಕೆ ಸೋರುತ್ತದೆ. ಹಾಗಾಗಿ ನನ್ನ ಗಮನವೆಲ್ಲ ಕ್ಲಿಯರೆನ್ಸ್ ಮೇಲೆ, ಅಂದರೆ ಆ ಸಂದಿನ ಅಳತೆ ಮೇಲೆ. ಲಾರಿಗೆ ಹಾಕುವ ಮೊದಲು ಟೆಸ್ಟ್ ಬೆಂಚಿನ ಮೇಲೆ ಪಂಪ್ ತಕರಾರಿಲ್ಲದೆ ಓಡಿತು.

ಎಡವಿದ್ದು ಆ ಬೆಂಚಿನಲ್ಲೇ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗೆ ತೂತು ಬಿಟ್ಟಿದ್ದೆ. ಒಳಗಿದ್ದದ್ದು 25 ಡಿಗ್ರಿ ಎಥನಾಲ್. ಅದು ಕುದಿಯದೆ ಇರಲು 0.08 ಬಾರ್ ಸಾಕು. ಮೇಲಿಂದ ಬೆಂಗಳೂರಿನ ಗಾಳಿ 0.9 ಬಾರ್ ಒತ್ತುತ್ತಿತ್ತು. ಲಾರಿಯ ಲೂಪ್ ಮುಚ್ಚಿದ್ದು, ಒಳಗೆ ಗಾಳಿಯೇ ಇಲ್ಲ. ಎಥನಾಲ್ 70 ಡಿಗ್ರಿಯಲ್ಲಿ ಬಂದರೆ ಅದನ್ನು ಒತ್ತುವುದು ಅದರದೇ ಆವಿ, 0.72 ಬಾರ್. ಕುದಿಯದೆ ಇರಲು ಬೇಕಾದದ್ದೂ ಅಷ್ಟೇ 0.72. ಕೈಯಲ್ಲಿ ಉಳಿದದ್ದು ಸೊನ್ನೆ. ಟ್ಯಾಂಕ್ ಪಂಪಿಗಿಂತ 40 ಸೆಂಟಿಮೀಟರ್ ಮೇಲಿದ್ದರೆ ಸಿಗುವುದು 0.03 ಬಾರ್. ಅದನ್ನೂ ಪಂಪಿನ ಬಾಯಿಗೆ ನಾನೇ ಹಾಕಿದ್ದ ಸಕ್ಷನ್ ಫಿಲ್ಟರ್ ತಿಂದುಹಾಕಿತು. ಪಂಪ್ ಎಳೆದ ಕೂಡಲೇ ಎಥನಾಲ್ ಅಲ್ಲೇ ಕುದಿಯಿತು.

ಮಿಕ್ಸಿಗೆ ಕಲ್ಲು ಬಿದ್ದಂಥ ಸದ್ದು. ಬಿಚ್ಚಿ ಗೇರನ್ನು ಪಕ್ಕದ ಶೆಡ್ಡಿನ ಗ್ರೈಂಡಿಂಗ್ ಯಜಮಾನರಿಗೆ ತೋರಿಸಿದೆ. ಹಲ್ಲಿನ ಬುಡಕ್ಕೆ ಉಗುರು ತಾಗಿಸಿ, "ಇದು ಸವೆದಿದ್ದಲ್ಲ ಸಾರ್, ಕಿತ್ತುಕೊಂಡು ಹೋಗಿದೆ" ಅಂದರು. ಕುದಿದ ಆವಿಯ ಗುಳ್ಳೆಗಳು ಪಂಪಿನೊಳಗೆ ಒಡೆದು ಲೋಹವನ್ನೇ ಕಿತ್ತಿದ್ದವು. ನಾನು ಮೂರು ವಾರ ಗೇರಿನ ಮೆಟೀರಿಯಲ್ ಬದಲಿಸುತ್ತಾ ಕೂತಿದ್ದೆ!

ಆದ್ದರಿಂದ ಪಂಪಿನ ಜಾತಿ ಆಮೇಲೆ ನೋಡಿ. ಇನ್ಲೆಟ್‌ಗೆ ಒಂದು ಪ್ರೆಶರ್ ಸೆನ್ಸರ್, ಒಂದು ಟೆಂಪರೇಚರ್ ಸೆನ್ಸರ್ ಮೊದಲ ದಿನವೇ ಹಾಕಿ. ಸಕ್ಷನ್ ಪೈಪ್ ದಪ್ಪ, ಗಿಡ್ಡ ಇರಲಿ. ದ್ರವವನ್ನು ಸ್ವಲ್ಪ ಒತ್ತಿ ಕೊಡಲು ಮುಖ್ಯ ಪಂಪಿಗೆ ಮೊದಲು ಒಂದು ಸಣ್ಣ ಫೀಡ್ ಪಂಪ್ ಇಡಿ. ದುಡ್ಡು ಜಾಸ್ತಿ ಅಂತ ಮ್ಯಾನೇಜರ್ ಗೊಣಗಲಿ ಬಿಡಿ. ಲಾರಿ ಶಿರಾಡಿ ಘಾಟಿ ಇಳಿಯುವುದನ್ನು ನೆನೆಸಿಕೊಳ್ಳಿ. ಡ್ರೈವರ್ ಕಾಲು ತೆಗೆದ, ಬಿಸಿ ನಿಂತಿತು, ಕಂಡೆನ್ಸರ್ ಮಾತ್ರ ತಣಿಸುತ್ತಲೇ ಇದೆ. ಪ್ರೆಶರ್ ದಡಕ್ಕನೆ ಇಳಿಯುತ್ತದೆ, ಪೈಪಿನಲ್ಲಿರುವ ಬಿಸಿ ಎಥನಾಲ್ ನಿಂತಲ್ಲೇ ಕುದಿಯುತ್ತದೆ. ಈ ಟೆಸ್ಟ್ ಮಾಡದೆ ಯಾವ ಪಂಪನ್ನೂ ನಂಬಬೇಡಿ. ನಾವು ಕೊನೆಗೆ ಗೇರ್ ಪಂಪಿನಲ್ಲೇ ಉಳಿದೆವು.

ಇನ್ನೊಂದು. ಎಷ್ಟು ಡಿಗ್ರಿ ಸಬ್‌ಕೂಲಿಂಗ್ ಕೊಡುತ್ತೀರಿ, ಅಂದರೆ ಕುದಿಯುವ ಬಿಸಿಗಿಂತ ಎಷ್ಟು ಡಿಗ್ರಿ ಕೆಳಗೆ ತಣಿಸಿ ಕಳಿಸುತ್ತೀರಿ ಅಂತ ಕಂಡೆನ್ಸರ್ ಟೀಮಿನವರಿಂದ ಬರೆಸಿಕೊಳ್ಳಿ. ನನಗೆ ಕ್ಯಾಂಟೀನ್‌ನಲ್ಲಿ "10 ಡಿಗ್ರಿ ಬರುತ್ತೆ ಬಿಡಿ" ಅಂದಿದ್ದರು.