ಗಂಜಿ ಆರುವ ತನಕ

(ಗುರುತು ಸಿಗದ ಹಾಗೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಲಿಲ್ಲಿಯಮ್ಮನಿಗೆ 52 ವರ್ಷ. ಕರಾವಳಿಯ ಒಂದು ಸಿಎಸ್‌ಐ (ದಕ್ಷಿಣ ಭಾರತ ಸಭೆ ಎಂಬ ಕ್ರೈಸ್ತ ಪಂಗಡ) ಚರ್ಚಿನ ಸಭೆಯವರು. ಭಾನುವಾರ ಮಕ್ಕಳಿಗೆ ಸಂಡೇ ಸ್ಕೂಲ್ ಪಾಠ, ಬುಧವಾರ ಆಸ್ಪತ್ರೆಯಲ್ಲಿ ರೋಗಿಗಳ ಭೇಟಿ, ಪ್ರಾರ್ಥನೆ. ಸಭೆಯಲ್ಲಿ ಎಲ್ಲರ ಬಾಯಲ್ಲೂ ಅವರ ಹೆಸರೇ. ಅಂಥವರು ಮೂರು ತಿಂಗಳಿಂದ ಕರ್ತನ ಭೋಜನ (ಯೇಸುವಿನ ನೆನಪಿಗೆ ಚರ್ಚಿನಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಂಡಿರಲಿಲ್ಲ.

"ನಾನು ಕಪಟಿ, ಮೇಡಂ" ಅಂದರು, ನನ್ನ ಹತ್ತಿರ ಆಪ್ತಸಲಹೆಗೆ ಬಂದು ಕೂತ ಕೂಡಲೇ.

ಮನೆಯಲ್ಲಿ ಅತ್ತೆಗೆ ಪಾರ್ಶ್ವವಾಯು. ಎರಡು ವರ್ಷದಿಂದ ಬಲಗೈ ಆಡುವುದಿಲ್ಲ, ಮಾತೂ ಹೋಗಿದೆ. ಒಂದು ಬುಧವಾರ ಆಸ್ಪತ್ರೆಗೆ ಹೊರಡುವ ಗಡಿಬಿಡಿ. ಗಂಜಿ ಸುಡುತ್ತಿತ್ತು. ಅತ್ತೆ ತುಟಿ ಬಿಗಿದರು. ಇವರು ನಿಂತುಕೊಂಡೇ ಚಮಚ ಒತ್ತಿದರು. ಅತ್ತೆಯ ಕಣ್ಣಲ್ಲಿ ನೀರು. ಅರ್ಧ ಗಂಟೆ ಬಿಟ್ಟು ವಾರ್ಡಿನಲ್ಲಿ ಯಾರದ್ದೋ ಕೈ ಹಿಡಿದು ಪ್ರಾರ್ಥಿಸುವಾಗ ಇವರ ಗಂಟಲು ಕಟ್ಟಿತು. ಆ ಭಾನುವಾರ ಚರ್ಚಿನ ಪ್ರಸಂಗ (ಉಪದೇಶ) ಬೈಬಲಿನ 1 ಕೊರಿಂಥ 13ರ ಮೇಲೆ, ಅಂದರೆ ಕೊರಿಂಥದ ಸಭೆಗೆ ಪೌಲ ಬರೆದ ಮೊದಲ ಪತ್ರದ ಪ್ರೀತಿಯ ಅಧ್ಯಾಯದ ಮೇಲೆ. ಪ್ರೀತಿ ಇಲ್ಲದವನು ಸದ್ದು ಮಾಡುವ ಕಂಚು ಅಂತ ಕೇಳಿದ ಮೇಲೆ ನಿದ್ದೆಯೇ ಇಲ್ಲ.

ಹಳೆಯ ಗಾಯವೂ ಇತ್ತು. ಮದುವೆಯಾದ ಹೊಸತರಲ್ಲಿ ಅತ್ತೆ ನೆಂಟರೆದುರು ಇವರ ತವರಿನ ಬಡತನ ಎತ್ತಿ ಆಡಿದ್ದರು. ಕ್ಷಮಿಸಿಬಿಟ್ಟೆ ಅಂದುಕೊಂಡಿದ್ದರು, ಅಷ್ಟೇ.

ನನಗೆ ಕಂಡದ್ದು ಕಪಟವಲ್ಲ, ದಣಿವು. ಬೆನ್ನು ಹುಣ್ಣಾಗದಂತೆ ರಾತ್ರಿ ಎರಡು ಗಂಟೆಗೊಮ್ಮೆ ಅತ್ತೆಯ ಮಗ್ಗಲು ಬದಲಿಸುವುದೂ ಇವರೇ. ಗಂಡ, ಮೈದುನ ಇಬ್ಬರನ್ನೂ ಕರೆಸಿ ನೇರವಾಗಿ ಹೇಳಿದೆ: ವಾರಕ್ಕೆ ನಾಲ್ಕು ರಾತ್ರಿ ನಿಮ್ಮದು. ಹೆತ್ತ ತಾಯಿ ಅಲ್ವಾ?

ಬುಧವಾರದ ಭೇಟಿ ಎರಡು ತಿಂಗಳು ನಿಲ್ಲಿಸಿ ಅಂದಾಗ ಲಿಲ್ಲಿಯಮ್ಮ ಬೆಚ್ಚಿದರು. "ದೇವರ ಕೆಲಸ ಬಿಡೋದಾ?" ಊಟಕ್ಕೂ ಪುರುಸೊತ್ತಿಲ್ಲದ ಶಿಷ್ಯರಿಗೆ ಸ್ವಲ್ಪ ದಣಿವಾರಿಸಿಕೊಳ್ಳಿ ಅಂದವರು ಯೇಸುಸ್ವಾಮಿಯೇ. ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ತೆಗೆದು ಓದಿಸಿದೆ.

ಆಮೇಲೆ ಅವರನ್ನು ಚುಚ್ಚುತ್ತಿದ್ದ ಅಧ್ಯಾಯವನ್ನೇ ಇಬ್ಬರೂ ಓದಿದೆವು. ಪೌಲ ಅದನ್ನು ಬರೆದದ್ದು ಪ್ರೀತಿ ತುಂಬಿ ತುಳುಕುವ ಸಭೆಗಲ್ಲ, ಜಗಳದ ಸಭೆಗೆ. ಕರ್ತನ ಭೋಜನಕ್ಕೆ ಸೇರಿದಾಗಲೂ ಅಲ್ಲಿ ಕೆಲವರು ಹಸಿದೇ ಇರುತ್ತಿದ್ದರು. ಪ್ರೀತಿ ತಾಳಿಕೊಳ್ಳುತ್ತದೆ, ದಯೆ ತೋರುತ್ತದೆ, ಹೊಟ್ಟೆಕಿಚ್ಚು ಪಡುವುದಿಲ್ಲ: ಗ್ರೀಕ್ ಮೂಲದಲ್ಲಿ ಇವೆಲ್ಲ ಕ್ರಿಯಾಪದಗಳೇ, ಬರೀ ಭಾವನೆಯಲ್ಲ, ಮಾಡುವ ಕೆಲಸ. "ಹಾಗಾದ್ರೆ ಒಳಗೆ ಪ್ರೀತಿ ಇಲ್ಲದಿದ್ರೂ ಪರವಾಗಿಲ್ವಾ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಬೇಕು, ಆದರೆ ಹಿಂಡಿ ತರಲಾಗದು ಅಂದೆ. ಸಿಟ್ಟನ್ನು ಒಳಗೇ ಅದುಮಿಟ್ಟರೆ ಪ್ರೀತಿಗೆ ಜಾಗ ಎಲ್ಲಿ? ಮಲಗುವ ಮುಂಚೆ ದೇವರ ಹತ್ತಿರ ಆ ನೆಂಟರ ಮುಂದಿನ ಮಾತನ್ನೇ ಇದ್ದ ಹಾಗೆ ಹೇಳಿ. 13ನೇ ಕೀರ್ತನೆ ಶುರುವಾಗುವುದೂ "ಇನ್ನೆಷ್ಟು ಕಾಲ" ಅನ್ನೋ ದೂರಿನಿಂದಲೇ.

ದಿನಕ್ಕೆ ಒಂದು ಊಟವಾದರೂ ಅತ್ತೆಯ ಎದುರು ಕೂತು ಉಣಿಸಿ ಅಂದೆ. ಪಾರ್ಶ್ವವಾಯು ಆದ ಅನೇಕರಿಗೆ ನುಂಗುವುದು ಕಷ್ಟ, ಗಡಿಬಿಡಿ ಮಾಡಿದರೆ ಗಂಜಿ ಶ್ವಾಸನಾಳಕ್ಕೆ ಹೋಗಬಹುದು. ನೆಟ್ಟಗೆ ಕೂರಿಸಿ, ಸಣ್ಣ ಚಮಚ, ನುಂಗಿದ್ದು ನೋಡಿ ಮುಂದಿನದು. ಆ ಬುಧವಾರದ್ದಕ್ಕೆ ಬಾಯಿಬಿಟ್ಟು ಕ್ಷಮೆ ಕೇಳಿ. ಮಾತು ಹೋಗಿದೆ ಅಂದರೆ ಕೇಳಿದ್ದು ತಿಳಿಯುವುದಿಲ್ಲ ಅಂತಲ್ಲ.

ನಾಲ್ಕನೇ ಸಲ ಬಂದಾಗ ಮುಖದಲ್ಲಿ ನಿದ್ದೆಯ ಕಳೆ ಇತ್ತು. "ಕ್ಷಮೆ ಕೇಳಿದೆ ಮೇಡಂ. ಅತ್ತೆ ಎಡಗೈಯಲ್ಲಿ ನನ್ನ ಸೆರಗು ಹಿಡ್ಕೊಂಡ್ರು. ಪ್ರೀತಿ ಬಂತಾ, ಗೊತ್ತಿಲ್ಲ. ಗಂಜಿ ಆರುವ ತನಕ ಸುಮ್ನೆ ಪಕ್ಕದಲ್ಲಿ ಕೂತಿದ್ದೆ."